ಕುರ್ಚಿ ಒತ್ತಿಟ್ಟ ಬಾಗಿಲು

ಮೊಳೆ ಖಾಲಿ ಇದೆ, ವ್ಯಾನಿನ ಕೀಲಿ ತೂಗುಹಾಕುವ ಮೊಳೆ, ಪ್ರಾರ್ಥನಾ ಮಂದಿರದ ಬಾಗಿಲ ಪಕ್ಕಕ್ಕೆ ನಮ್ಮ ಮನೆಯವರೇ ಹೊಡೆದದ್ದು, ಭಾನುವಾರ ಇಷ್ಟು ಹೊತ್ತಿಗೆ ಅದರಲ್ಲಿ ಕೆಂಪು ದಾರದ ಕೀಲಿ ತೂಗಾಡುತ್ತಿರಬೇಕು, ಅಳಿಯ ಮುದುಕಿಯರನ್ನೆಲ್ಲ ಮನೆಮನೆಯಿಂದ ಹತ್ತಿಸಿಕೊಂಡು ಬಂದು, ಕೈಹಿಡಿದು ಮೆಟ್ಟಿಲು ಹತ್ತಿಸಿ, ಕೀಲಿ ಸಿಕ್ಕಿಸಿ, ಮೈಕು ಸರಿಮಾಡಲು ಹೋಗಿರಬೇಕು, ಇವತ್ತು ಬರೀ ಮೊಳೆ, ಮೈಕಿನ ಹತ್ತಿರವೂ ಯಾರೂ ಇಲ್ಲ, ಸಭಾಪಾಲಕರು ತಾವೇ ಅದರ ತಲೆಗೆ ತಟ್ಟುತ್ತಿದ್ದಾರೆ. ಹಿಂದಿನ ಸಾಲಿನಲ್ಲಿ ಗಡಿಯಾರದಜ್ಜಿ, ಕೈಗಡಿಯಾರ ನೋಡದೆ ಒಂದು ಮಾತೂ ಆಡದವಳು, ಏದುಸಿರು ಬಿಡುತ್ತ ಪಕ್ಕದವಳಿಗೆ ಹೇಳುತ್ತಿದ್ದಾಳೆ, ಎಂಟೂಕಾಲರವರೆಗೆ ಗೇಟಲ್ಲೇ ನಿಂತಿದ್ದೆ ಕಣೆ, ಕಾಲು ಬಿದ್ದುಹೋಯ್ತು, ಆಮೇಲೆ ಗೊತ್ತಾಯ್ತು, ಪಾಪ ಆ ಹುಡುಗ ಏಳಕ್ಕೇ ವ್ಯಾನು ತಗೊಂಡು ಹೋದನಂತೆ, ದೂರದೂರಿಗೆ, ಯಾರನ್ನೋ ಕರ್ಕೊಂಡು ಬರ್ಬೇಕಂತೆ. ಯಾರನ್ನೋ. ಏಳಕ್ಕೆ ಹೊರಟರೆ ಅಲ್ಲಿಗೆ ಎರಡೂವರೆ ತಾಸು, ನಾನೇ ಬಸ್ಸಿನಲ್ಲಿ ಹೋಗಿ ಬಂದಿದ್ದೇನಲ್ಲ, ಒಂಬತ್ತೂವರೆಗೆ ತಲುಪುತ್ತಾನೆ, ಈಗ ಎಷ್ಟು, ಅಜ್ಜಿಯೇ ಹೇಳಿದಳು, ಒಂಬತ್ತೂ ಹತ್ತು. ಇಪ್ಪತ್ತು ನಿಮಿಷ. ನನ್ನ ಮಗಳು ಈಗಿನ್ನೂ ಎದ್ದು ತಲೆ ಬಾಚಿಕೊಳ್ಳುತ್ತಿರಬಹುದು, ಇವತ್ತು ರಜೆ, ಕೆಳಗಿನ ಹೊಲಿಗೆ ಅಂಗಡಿ ಮುಚ್ಚಿದೆ, ಕೂಗಿದರೂ ಕೇಳುವವರಿಲ್ಲ, ಬಾಗಿಲಿಗೆ ಒತ್ತಿಟ್ಟ ಆ ಕುರ್ಚಿ — ಬೇಡ, ಕುರ್ಚಿಯ ವಿಷಯ ಬೇಡ, ಮೊದಲು ಫೋನು. ಫೋನು ಬುಟ್ಟಿಯಲ್ಲಿದೆ. ಒಳಗೆ ಬರುವಾಗ ಎಲ್ಲರೂ ಫೋನನ್ನು ಬಾಗಿಲ ಬಳಿಯ ಬುಟ್ಟಿಗೆ ಹಾಕಬೇಕು, ದೇವರ ಮುಂದೆ ಕೂತಾಗ ಬೇರೆ ಯಾರ ಕರೆಯೂ ಬರಬಾರದು, ಈ ನಿಯಮ ತಂದವಳೂ ನಾನೇ, ಬುಟ್ಟಿ ತಂದಿಟ್ಟವಳೂ ನಾನೇ, ನನ್ನ ತಲೆಗಿಷ್ಟು ಬೆಂಕಿ ಬೀಳ.

ಏಳಬೇಕು, ಎದ್ದು ನಾಲ್ಕು ಜನರ ಮಂಡಿ ದಾಟಿ ಬುಟ್ಟಿಗೆ ಹೋಗಬೇಕು, ಅಷ್ಟೇ ತಾನೆ, ಮಹಾ ಹದಿನೈದು ಹೆಜ್ಜೆ, ಆದರೆ ಕೂತೇ ಇದ್ದೇನೆ, ಮಡಿಲಲ್ಲಿ ಚೀಲ, ಚೀಲದಲ್ಲಿ ಚಿಲಕ. ಹೌದು, ಚಿಲಕವೇ, ಹಿತ್ತಾಳೆಯದು, ಜೊತೆಗೆ ಕಾಗದದಲ್ಲಿ ಕಟ್ಟಿದ ಆರು ತಿರುಪುಮೊಳೆ, ನಮ್ಮ ಮನೆಯವರ ಪೆಟ್ಟಿಗೆಯಿಂದ ಕದ್ದದ್ದು, ಬಡಗಿಯ ಹೆಂಡತಿ ಒಂದು ಚಿಲಕ ಕದಿಯಬೇಕಾಗಿ ಬಂತು. ಈ ಮಂದಿರದ ಬಾಗಿಲು ಅವರ ಕೈಯದೇ, ಗೇಣುದ್ದದ ಚಿಲಕ, ಆನೆ ಬಂದು ಗುದ್ದಿದರೂ ಅಲ್ಲಾಡದು ಎಂದು ಊರೆಲ್ಲ ಹೇಳಿಕೊಂಡು ಬಂದರು, ಮಗಳ ಬಾಗಿಲಿಗೆ ಒಂದು ಚಿಲಕ ಕೇಳೋಣವೆಂದರೆ ಮಗಳು ಎಲ್ಲಿದ್ದಾಳೆ ಎಂದು ಹೇಳಬೇಕಾಗುತ್ತಿತ್ತು, ಹೇಳಿದ್ದರೆ ಆ ಗಳಿಗೆಯೇ ಅಳಿಯನಿಗೆ ಫೋನು. ಅವಳು ಮನೆ ಬಿಟ್ಟ ದಿನ ಅವರು ಹೇಳಿದ್ದು ಒಂದೇ ಮಾತು, ಅಂಥ ಹುಡುಗನನ್ನ ಬಿಟ್ಟು ಹೋದವಳಿಗೆ ತಲೆ ಕೆಟ್ಟಿರಬೇಕು. ಅಂಥ ಹುಡುಗ. ರಕ್ತ ಬೇಕೆಂದರೆ ಮೊದಲು ತೋಳು ಚಾಚುವವನು, ಆಸ್ಪತ್ರೆಯ ರೋಗಿಗಳಿಗೆ ಸಭೆಯಿಂದ ಊಟ ಹೊತ್ತೊಯ್ಯುವವನು, ಒಂಟಿ ಮುದುಕಿಯರ ಮನೆಯ ಫ್ಯಾನು ರಿಪೇರಿ ಮಾಡಿ ಒಂದು ಲೋಟ ನೀರೂ ಮುಟ್ಟದೆ ಬರುವವನು, ನನಗೂ ಎಷ್ಟು ಹೆಮ್ಮೆಯಿತ್ತು, ನಮ್ಮ ಅಳಿಯ ನಮ್ಮ ಅಳಿಯ ಎಂದು ಹಾಡಿದ್ದೇ ಹಾಡಿದ್ದು. ಮಗಳ ಬಲಗೈಯ ಎರಡು ಬೆರಳು ಬಾಗಿಲ ಸಂದಿಗೆ ಸಿಕ್ಕಿ ಉಗುರು ಕಪ್ಪಾದಾಗ ಇದೇ ಮೈಕಿನ ಮುಂದೆ ನಿಂತು, ನನ್ನವಳು ಸ್ವಲ್ಪ ಮರೆಗುಳಿ, ಅವಳ ಬೆರಳಿಗಾಗಿ ಪ್ರಾರ್ಥಿಸಿ ಎಂದ, ಎಲ್ಲರೂ ಪ್ರಾರ್ಥಿಸಿದರು, ನಾನು ಎಲ್ಲರಿಗಿಂತ ಜೋರಾಗಿ. ಆಮೇಲೆ ಪಾತ್ರೆ ತೊಳೆಯುವಾಗ ಅವಳು ತಲೆ ಎತ್ತದೆ ಹೇಳಿದಳು, ಅಮ್ಮ, ಬಾಗಿಲು ತಾನಾಗಿ ಮುಚ್ಚಲಿಲ್ಲ. ನಾನು ನಲ್ಲಿ ನಿಲ್ಲಿಸಲಿಲ್ಲ, ಕೇಳಿಸಲಿಲ್ಲ ಎಂಬಂತೆ ಇನ್ನೊಂದು ತಟ್ಟೆ ತೊಳೆದೆ. ತೊಳೆದೇ ತೊಳೆದೆ, ಆ ತಟ್ಟೆಯಲ್ಲಿ ಏನೂ ಇರಲಿಲ್ಲ.

ಅವಳೇ ಹೋದಳು, ನನ್ನನ್ನು ಕೇಳಲಿಲ್ಲ, ಹೋಗಿ ಹದಿನೈದು ದಿನಕ್ಕೆ ನನಗೊಬ್ಬಳಿಗೇ ಹೇಳಿದಳು, ಅಮ್ಮ ಯಾರಿಗೂ ಹೇಳ್ಬೇಡ, ಅಪ್ಪನಿಗೂ, ದೇವರಿಗೆ ಬೇಕಾದ್ರೆ ಹೇಳ್ಕೊ. ಹೋಗಿ ನೋಡಿಬಂದೆ, ಧಾನ್ಯದ ಮಾರುಕಟ್ಟೆಯ ಹಿಂದೆ, ಹೊಲಿಗೆ ಅಂಗಡಿಯ ಮೇಲೆ, ಕಬ್ಬಿಣದ ಮೆಟ್ಟಿಲು, ಒಂದೇ ಕೋಣೆ, ಹಸಿರು ಬಾಗಿಲು, ಎಡಗೈಯಲ್ಲಿ ಗುಂಡಿ ಹೊಲಿಯುವುದನ್ನು ಕಲಿತಿದ್ದಳು, ನಕ್ಕಳು ಕೂಡ, ಎಷ್ಟು ದಿನದ ಮೇಲೆ ಅವಳ ಹಲ್ಲು ನೋಡಿದೆ. ಚಿಲಕದ ಕೊಂಡಿ ಮುರಿದಿತ್ತು, ಅದಕ್ಕೇ ಕುರ್ಚಿ, ಮರದ ಕುರ್ಚಿ, ಒಂದು ಕಾಲು ಮೋಟು, ಅದರಡಿಗೆ ರಟ್ಟು ಮಡಚಿ ಇಟ್ಟು ಬಾಗಿಲಿಗೆ ಒತ್ತಿ ಮಲಗುತ್ತಿದ್ದಳು, ಇದು ಸಾಕಾಗುತ್ತಾ ಕಣೇ ಎಂದೆ, ನೀನೇ ಹೊರಗೆ ಹೋಗಿ ತಳ್ಳಿ ನೋಡು ಎಂದಳು, ಹೋದೆ, ತಳ್ಳಿದೆ, ಕುರ್ಚಿ ಕಿರ್ರೆಂದು ಒಂದು ಗೇಣು ಜರುಗಿತು, ಸಂದಿಯಲ್ಲಿ ಅವಳ ಮುಖದ ಅರ್ಧ ಕಂಡಿತು, ಅಮ್ಮ ನಿನ್ನ ತೋಳಿಗೆ ಇಷ್ಟು ಬಲ ಇದ್ಯಾ ಎಂದು ನಗುತ್ತಿದ್ದಳು. ಅರವತ್ತು ದಾಟಿದ ನಾನು ತಳ್ಳಿದರೆ ಒಂದು ಗೇಣು. ಮೂರು ದಿನ ಕಣ್ಣಿಗೆ ಕಣ್ಣು ಹತ್ತಲಿಲ್ಲ, ಹೊಟ್ಟೆಯಲ್ಲಿಟ್ಟುಕೊಳ್ಳಲಾಗಲಿಲ್ಲ, ಶುಕ್ರವಾರ ಬೆಳಿಗ್ಗೆ ಸರಪಳಿಗೆ ಹಾಕಿದೆ. ಹನ್ನೊಂದು ಹೆಂಗಸರ ಪ್ರಾರ್ಥನೆಯ ಸರಪಳಿ, ಅದನ್ನು ನಡೆಸುವವಳು ನಾನು, ಮೊದಲ ಕೊಂಡಿ, ನಾನು ಆರಿಸಿದ್ದು ಎರಡನೆಯವಳನ್ನು ಮಾತ್ರ, ಅವರವರ ಮುಂದಿನವಳನ್ನು ಅವರವರೇ ಆರಿಸಿಕೊಳ್ಳುವುದು, ನನ್ನ ನಂತರ ಔಷಧಿ ಅಂಗಡಿಯಾಕೆ, ಆಕೆ ಮೂರನೆಯವಳಿಗೆ ಹೇಳಬೇಕು, ಆಕೆ ಮುಂದಿನವಳಿಗೆ, ಒಂದು ಅಕ್ಷರವೂ ಬಿಡಬಾರದು, ಕೊನೆಯವಳು ನನಗೆ ಫೋನು ಮಾಡಿ ಒಪ್ಪಿಸಬೇಕು, ಸರಿಯಾಗಿದೆಯಾ ಎಂದು ಕೇಳಬೇಕು. ಹೆಸರು ಹೇಳಲಿಲ್ಲ, ಅಷ್ಟು ಬುದ್ಧಿ ಇತ್ತು, ಒಬ್ಬ ಮಗಳು ಎಂದೆ, ಆದರೆ ನಮಗೆ ಕಲಿಸಿದ್ದಾರಲ್ಲ, ಮೇಲುಮೇಲಿನ ಪ್ರಾರ್ಥನೆ ಬೇಡ, ದೇವರ ಹತ್ತಿರ ಏನು ಮುಚ್ಚುಮರೆ, ಬಿಡಿಸಿ ಹೇಳಿ, ಬಿಡಿಸಿ ಹೇಳಿದೆ, ಬಸ್ಸಿನಲ್ಲಿ ಎರಡೂವರೆ ತಾಸಿನ ಊರು, ಧಾನ್ಯದ ಮಾರುಕಟ್ಟೆಯ ಹಿಂದೆ, ಹೊಲಿಗೆ ಅಂಗಡಿಯ ಮೇಲೆ, ಹಸಿರು ಬಾಗಿಲು, ಚಿಲಕವಿಲ್ಲ, ಬರೀ ಕುರ್ಚಿ, ಕಾಪಾಡು ತಂದೆಯೇ. ವಿಳಾಸ ಕೊಟ್ಟೆ. ದೇವರಿಗೆ ವಿಳಾಸ ಗೊತ್ತಿರಲಿಲ್ಲವೇ, ಮುಟ್ಠಾಳೆ.

ಸಂಜೆ ನಾಲ್ಕಕ್ಕೆ ಫೋನು, ಕೊನೆಯ ಕೊಂಡಿ, ಯಾವಾಗಲೂ ಹಾಡು ಕಲಿಸುವ ಟೀಚರು ಮಾಡುತ್ತಿದ್ದರು, ಅವರು ಊರು ಬಿಟ್ಟು ಹೋದದ್ದು, ಆ ಜಾಗಕ್ಕೆ ಹೊಸಬರನ್ನು ಸೇರಿಸಿದ್ದು ನನಗೆ ಯಾರೂ ಹೇಳಿರಲಿಲ್ಲ, ಹಲೋ ಎಂದ ಕೂಡಲೇ ದನಿ ಗುರುತಾಯಿತು, ಬೀಗಿತಿ, ಅಳಿಯನ ತಾಯಿ. ಉಪ್ಪಿಲ್ಲ ಖಾರವಿಲ್ಲ, ಪಾಠ ಒಪ್ಪಿಸುವವರಂತೆ ಶುರುವಿನಿಂದ ಕೊನೆಯವರೆಗೆ ಒಪ್ಪಿಸಿದರು, ಮಾರುಕಟ್ಟೆ, ಹಸಿರು ಬಾಗಿಲು, ಕುರ್ಚಿ, ಒಂದಕ್ಷರ ಬಿಟ್ಟಿಲ್ಲ ಬೀಗ್ತಿ, ಸರಿಯಾಗಿದೆಯಾ? ನಾನು ಹೇಳಿದೆ, ಸರಿಯಾಗಿದೆ. ಆರು ವರ್ಷದ ಅಭ್ಯಾಸ, ಬಾಯಿ ತಾನಾಗಿ ಹೇಳಿತು, ಸರಿಯಾಗಿದೆ, ಆಮೆನ್. ಗೊತ್ತಾಗಿರಲಿಕ್ಕಿಲ್ಲ, ಎಷ್ಟು ಊರಿನಲ್ಲಿ ಮಾರುಕಟ್ಟೆಯಿಲ್ಲ, ಎಷ್ಟು ಮಗಳಂದಿರಿಲ್ಲ, ಎರಡು ದಿನ ಇದನ್ನೇ ಹೇಳಿಕೊಂಡು ಉಸಿರಾಡಿದೆ. ಮಗಳಿಗೆ ಫೋನು ಮಾಡಿದೆ, ಶುಕ್ರವಾರವೂ ಮಾಡಿದೆ, ಶನಿವಾರವೂ ಮಾಡಿದೆ, ನಾನು ಹೇಳಿಬಿಟ್ಟೆ ಕಣೇ, ಅಲ್ಲಿಂದ ಹೊರಡು ಎನ್ನಬೇಕಿತ್ತು, ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗಿ, ಊಟ ಆಯ್ತಾ ಎಂದೆ. ಆಯ್ತಮ್ಮ ಎಂದಳು. ಬೆರಳು ಹೇಗಿದೆ ಎಂದೆ. ಉಗುರು ಬರ್ತಿದೆ ಎಂದಳು. ಅವಳು ನನ್ನನ್ನು ಇನ್ನೊಂದು ಸಲ ನಂಬಿದ್ದಳು, ಆ ಒಂದು ನಂಬಿಕೆ ಕಳೆದುಕೊಳ್ಳಲು ನನಗೆ ಧೈರ್ಯ ಬರಲಿಲ್ಲ, ಅದಕ್ಕೇ ಅವಳನ್ನೇ ಕಳೆದುಕೊಳ್ಳುತ್ತಿದ್ದೇನೆ.

ಒಂಬತ್ತೂ ಇಪ್ಪತ್ತು, ಅಜ್ಜಿ ಆಕಳಿಸಿ ಹೇಳಿದಳು. ಮುಂದಿನ ಸಾಲಿನಿಂದ ಬೀಗಿತಿ ತಿರುಗಿ ನೋಡುತ್ತಿದ್ದಾರೆ, ಕೈ ಹಿಂದಕ್ಕೆ ಚಾಚಿ ನನ್ನ ಮಂಡಿ ತಟ್ಟಿದರು, ಮೆತ್ತಗಿನ ಕೈ, ತಾಯಿಯ ಕೈ, ಚಿಂತೆ ಮಾಡ್ಬೇಡಿ, ನಿಮ್ಮ ಪ್ರಾರ್ಥನೆ ಕೇಳಿಸ್ತು, ಇನ್ನು ಮೇಲೆ ಕುರ್ಚಿ ಗಿರ್ಚಿ ಏನೂ ಬೇಡ, ನನ್ನ ಮಗ ಕರ್ಕೊಂಡು ಬರ್ತಾನೆ. ನಿಜವಾಗಿ ಸಂತೋಷಪಟ್ಟು ಹೇಳುತ್ತಿದ್ದಾರೆ, ಅದೇ ಹೆದರಿಕೆ, ಅವರ ಕಣ್ಣಿನಲ್ಲಿ ಒಂದು ಚೂರೂ ಕೆಟ್ಟದ್ದಿಲ್ಲ. ಎದ್ದೆ. ಮಣಿಕಟ್ಟು ಹಿಡಿದರು ಪಕ್ಕದಲ್ಲಿದ್ದ ನಮ್ಮ ಮನೆಯವರು, ಎಲ್ಲರೂ ನೋಡ್ತಿದಾರೆ, ಕೂತ್ಕೊ, ಈಗ ಪ್ರಾರ್ಥನೆ, ಉಳಿ ಹಿಡಿದು ಗಟ್ಟಿಯಾದ ಬೆರಳು, ನಲವತ್ತು ವರ್ಷ ಈ ಬೆರಳು ಕೂತ್ಕೊ ಎಂದರೆ ಕೂತಿದ್ದೇನೆ. ಚೀಲದಿಂದ ಚಿಲಕ ತೆಗೆದು ಅವರ ಅಂಗೈಯಲ್ಲಿಟ್ಟೆ, ನಿಮ್ಮ ಮಗಳ ಬಾಗಿಲಿಗೆ ಇದು ಇಲ್ಲ ಎಂದೆ, ಇಡೀ ಸಾಲಿಗೆ ಕೇಳಿಸುವಷ್ಟು ಜೋರಾಗಿ, ಅವರು ಅದನ್ನೇ ನೋಡುತ್ತ ಉಳಿದರು, ಕೈ ಸಡಿಲಾಯಿತು, ಮಂಡಿಗಳನ್ನು ದಾಟಿದೆ, ಯಾರದೋ ಕಾಲು ತುಳಿದೆ, ಬುಟ್ಟಿ, ಎಲ್ಲವೂ ಕಪ್ಪು, ನನ್ನದು ಯಾವುದು, ಇದಲ್ಲ, ಇದೂ ಅಲ್ಲ, ಮೂಲೆ ಒಡೆದದ್ದು, ಇದು. ರಿಂಗಾಗುತ್ತಿದೆ. ಎತ್ತು, ಎತ್ತು ನನ್ನವ್ವ, ಬೈಯಿ, ಜನ್ಮದಲ್ಲಿ ನನ್ನ ಮುಖ ನೋಡಬೇಡ, ಈಗ ಮಾತ್ರ ಎತ್ತು, ಹಿಂದೆ ಸಭಾಪಾಲಕರು, ಎಲ್ಲರೂ ಎದ್ದು ನಿಲ್ಲೋಣ. ಎತ್ತಿದಳು. ಯಾರೋ ಎತ್ತಿದರು. ಪುಟ್ಟಿ, ಇಳಿದು ಹೋಗು, ಈಗಲೇ ಹೋಗು, ನಾನೇ ಹೇಳಿದ್ದು, ನಾನೇ. ಆ ಕಡೆಯಿಂದ ಉಸಿರೋ ಗಾಳಿಯೋ, ಕಬ್ಬಿಣದ ಮೆಟ್ಟಿಲ ಮೇಲೆ ಒಂದು ಸದ್ದು, ಇನ್ನೊಂದು, ಇಳಿಯುತ್ತಿರುವ ಹೆಜ್ಜೆಯೋ ಹತ್ತುತ್ತಿರುವುದೋ, ಮತ್ತೆ ಕಿರ್ರ್ ಎಂದು ಮರ ನೆಲಕ್ಕೆ ಉಜ್ಜುವ ಸದ್ದು, ನನ್ನ ಬೆನ್ನ ಹಿಂದೆ ಇನ್ನೂರು ಜನ ಏಳುತ್ತಿದ್ದಾರೆ, ಇನ್ನೂರು ಕುರ್ಚಿ ಹಿಂದೆ ಸರಿಯುತ್ತಿವೆ, ಫೋನನ್ನು ಕಿವಿಗೆ ಒತ್ತಿದೆ, ಇನ್ನೂ ಒತ್ತಿದೆ, ಆ ಸದ್ದು ಇಲ್ಲಿಯದೋ ಅಲ್ಲಿಯದೋ — ಮೋಟು ಕಾಲು, ರಟ್ಟು, ಒಂದು ಗೇಣು, ಅರ್ಧ ಮುಖ, ಒಂದು ಗೇಣು ಜರುಗಿದ ಕುರ್ಚಿ, ಜರುಗುತ್ತಿರುವ ಕುರ್ಚಿ, ಆ ಕುರ್ಚಿ