ಕತ್ತರಿ ಮಾವನ ಒಂಟಿ ಸೇಬಿನ ಮರ

ಅತ್ತೆ ಕ್ಷೌರದಂಗಡಿಯ ಟವೆಲ್‌ಗಳನ್ನು ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದರೆ ಮೇಲಿನಿಂದ ಸೇಬಿನ ಕಡ್ಡಿಗಳು ಪಟಪಟ ಬೀಳುತ್ತಿದ್ದವು. ಏಣಿಯ ಮೇಲೆ ಅವರ ಗಂಡ, ಬೀದಿಗೆಲ್ಲ ತಲೆಗೂದಲು ಕತ್ತರಿಸುವ ಕತ್ತರಿ ಮಾವ. ಪ್ರತಿ ಚಳಿಗಾಲದಲ್ಲೂ ಹಿತ್ತಿಲಿನ ಈ ಮರಕ್ಕೂ ಒಂದು ಕಟಿಂಗ್: ಸುತ್ತಲೂ ಒಂದೇ ಸಮ, ಚೆಂಡಿನ ಹಾಗೆ.

“ಸ್ವಲ್ಪ ನೋಡ್ಕೊಂಡು ಕತ್ತರಿಸ್ರೀ! ಒಗೆದಿದ್ದೆಲ್ಲ ಕಸ ಆಯ್ತು.”

“ನಾಳೆ ಕೊಡಲಿ ತರ್ತೀನಿ. ಕಸಾನೂ ಇರಲ್ಲ, ಮರಾನೂ ಇರಲ್ಲ. ಇಷ್ಟು ವರ್ಷ ಸಾಕಿದ್ದಕ್ಕೆ ಒಂದು ಹಣ್ಣು ಕೊಟ್ಟಿದ್ಯಾ ಇದು?”

ಅತ್ತೆ ಹಿಂಡುತ್ತಿದ್ದ ಟವೆಲ್ ಹಿಡಿದೇ ಏಣಿಯ ಬುಡಕ್ಕೆ ಬಂದು ನಿಂತರು. ಅಕ್ಕನ ಮನೆಯಿಂದ ಸಸಿಯನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದವರು ಅವರು.

ಬೇಲಿಯಾಚೆ ಪಕ್ಕದ ಮನೆಯ ನರ್ಸಮ್ಮ ತನ್ನ ಕಡೆ ಬಿದ್ದ ಕಡ್ಡಿಯೊಂದನ್ನು ಹಿಡಿದು ನಿಂತಿದ್ದಳು. ತವರಿನ ಸೇಬಿನ ತೋಟದಲ್ಲೇ ಓಡಾಡಿ ಬೆಳೆದವಳು.

“ಮಾವ, ಅದನ್ನೇನು ಗಿರಾಕಿ ತಲೆ ಅಂದ್ಕೊಂಡ್ರಾ?”

“ಕತ್ತರಿ ಹಿಡಿಯೋದು ನಂಗೆ ಹೇಳ್ಕೊಡ್ಬೇಡಮ್ಮ.”

“ಕೂದಲು ಕತ್ತರಿಸಿದ್ರೂ ಬರುತ್ತೆ, ಸೇಬು ಹಾಗಲ್ಲ. ಈ ಗಿಡ್ಡ ಕಡ್ಡಿ ನೋಡಿ, ತುದೀಲಿ ದಪ್ಪ ಮೊಗ್ಗು. ಹೂ ಬರೋದೇ ಇದರಲ್ಲಿ. ವರ್ಷ ವರ್ಷ ಬೋಳಿಸಿದ್ರೆ ಎಲೆ ಬಿಟ್ಟು ಇನ್ನೇನು ಬರುತ್ತೆ? ಒಣಗಿದ್ದು, ಒಂದಕ್ಕೊಂದು ಉಜ್ಜೋದು ತೆಗೀರಿ. ನಡುವೆ ಬಿಸಿಲು ಬೀಳ್ಲಿ. ಅಷ್ಟು ಸಾಕು.”

“ಒಳಗಿನ ಕೊಂಬೇಲಿ ಹೂ ಬಿಡುತ್ತಲ್ಲ! ಅದ್ಯಾಕೆ ಉದುರಿ ಹೋಗುತ್ತೆ?”

“ಒಂಟಿ ಮರ, ಮಾವ. ಹತ್ತಿರದಲ್ಲಿ ಬೇರೆ ತಳಿದು ಒಂದಿರಬೇಕು, ಅದೇ ಹೊತ್ತಿಗೆ ಹೂ ಬಿಡೋವಂಥದ್ದು. ಅದರ ಹೂವಿನ ಪುಡೀನ ಜೇನುಹುಳ ಇದಕ್ಕೆ ತಂದು ಅಂಟಿಸಿದ್ರೇನೆ ಕಾಯಿ ಕಚ್ಚೋದು.”

ಅತ್ತೆ ಕೈಯಲ್ಲಿದ್ದ ಟವೆಲನ್ನು ಬಕೆಟ್ಟಿಗೆ ಬಿಸಾಡಿದರು. “ಇದನ್ನೇ ಅಲ್ವಾ ನಮ್ಮ ಭಾವ ಅವತ್ತು ಬಡ್ಕೊಂಡಿದ್ದು? ಎರಡು ಸಸಿ ಕೊಟ್ರೆ ‘ನಾವೇನು ತೋಟ ಮಾಡ್ತೀವಾ’ ಅಂತ ಒಂದನ್ನ ವಾಪಸ್ ಕೊಟ್ರಿ! ಅವರಿಗೊಂದು ಕಾಗದ ಬರೀರಿ ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೀತು.”

“ಆ ಷಡ್ಡಕನ ಮುಂದೆ ನಾನು ಕೈ ಚಾಚಲಾ? ಬಿದ್ದು ಬಿದ್ದು ನಗ್ತಾನೆ.”

“ನಗ್ಲಿ. ನಕ್ಕು ಸುಸ್ತಾದ್ಮೇಲೆ ಸಸಿ ಕಳಿಸ್ತಾರೆ.”

ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಮಾವ ಏಣಿ ಇಳಿದು, ನೆಲದ ಮೇಲಿನ ಕಡ್ಡಿಗಳನ್ನು ಆರಿಸಿ ನೋಡಿದರು. ತಾವೇ ಕತ್ತರಿಸಿ ಬೀಳಿಸಿದ ದಪ್ಪ ಮೊಗ್ಗುಗಳು ಕೈತುಂಬ ಬಂದವು. ಅವರು ಮತ್ತೆ ಕೊಡಲಿಯ ಮಾತೆತ್ತಲಿಲ್ಲ.

ಅಮ್ಮಂದಿರೇ, ಅಣ್ಣಂದಿರೇ, ನಿಮಗೂ ಹಿತ್ತಿಲಲ್ಲಿ ಸೇಬು ನೆಡುವ ಆಸೆಯಿದ್ದರೆ ನಿಮ್ಮ ಕಡೆಯ ಚಳಿಗೆ ಯಾವ ತಳಿ ಒಗ್ಗುತ್ತದೆಂದು ಬೆಳೆದವರನ್ನು ಮೊದಲು ಕೇಳಿ. ಬೀಜ ಊರಿ ಕಾಯಬೇಡಿ, ಕಸಿ ಸಸಿಯನ್ನೇ ತನ್ನಿ. ಕಸಿಯ ಗಂಟು, ಅಂದರೆ ಎರಡು ಗಿಡ ಕೂಡಿಸಿದ ಜಾಗ, ಮಣ್ಣಿನಿಂದ ಮೇಲಿರಲಿ. ಒಂದೇ ಕಾಲಕ್ಕೆ ಹೂ ಬಿಡುವ ಎರಡು ತಳಿ ಇರಲಿ. ಕತ್ತರಿ ಆಡಿಸುವ ಮುಂಚೆ ಮೊಗ್ಗು ನೋಡಿ. ಗೊತ್ತಿಲ್ಲದ್ದನ್ನು ಕೇಳಲು ನಾಚಿಕೊಂಡು ವರ್ಷಗಳನ್ನು ಹಾಳು ಮಾಡಬೇಡಿ.

ಮಾವ ಅಂದೇ ಬರೆದರು: “ಅಣ್ಣಾ, ಅವತ್ತು ನಾನು ವಾಪಸ್ ಕೊಟ್ಟ ತಳಿಯ ಸಸಿ ಇದ್ದರೆ ಒಂದು ಬೇಕು. ನಗುವುದಿದ್ದರೆ ಇಲ್ಲಿಗೇ ಬಂದು ನಗಿ.”

ಕಾಗದ ಎಲ್ಲಿ ಜೇಬು ಸೇರಿಬಿಡುತ್ತದೋ ಎಂದು ಅತ್ತೆ ಅದನ್ನು ಕಿತ್ತುಕೊಂಡು, ಬೀದಿಯ ಕೊನೆಯವರೆಗೆ ಬಿರಬಿರನೆ ನಡೆದು, ತಾವೇ ಅಂಚೆ ಡಬ್ಬಕ್ಕೆ ಹಾಕಿದರು.