ಕಲ್ಲು ಆರಿಸುವವರು

ಉರ್ಶುಲಾ ಬ್ಯಾಂಡಿನವರ ಮನೆಯ ಬಾಗಿಲನ್ನು ಗುದ್ದುತ್ತಲೇ ಇದ್ದಳು. ಅತ್ತ ಇಗರ್ಜಿಯಲ್ಲಿ ಅವಳ ತಾಯಿ ಎಲ್ಫ್ರೀಡಾಳ ಶವಪೆಟ್ಟಿಗೆಯ ಮುಂದೆ ಮೇಣದ ಬತ್ತಿ ಹಚ್ಚಿಯಾಗಿತ್ತು. ಕೊನೆಗೂ ಬಾಗಿಲು ತೆರೆದವನು ಬ್ಯಾಂಡಿನ ಯಜಮಾನ ಗವ್ಲಿಕ್. ಸಿಲೇಸಿಯಾದ ಆ ಹಳ್ಳಿಯಲ್ಲಿ ಕಲ್ಲಿದ್ದಲು ಗಣಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಅವನ ಬೂಟಿನ ಹೊಳಪು ಮಾತ್ರ ಮಾಸಿರಲಿಲ್ಲ.

"ನಿನ್ನೇನೇ ಹೇಳಿದ್ನಲ್ಲಮ್ಮ. ಸಾವಿಗೆ ಬ್ಯಾಂಡು ಊದೋದು ಗಣಿಯವ್ರಿಗೆ ಮಾತ್ರ."

"ನಮ್ಮಮ್ಮ ಮತ್ತೆಲ್ಲಿ ದುಡಿದ್ಲು? ಮಿಠಾಯಿ ಅಂಗಡೀಲಾ?"

"ಕೆಳಗೆ ಇಳಿದೋರಿಗೆ ಅಂತ. ಅವಳು ಮೇಲೆ ಕಲ್ಲು ಆರಿಸ್ತಿದ್ಲು. ಪದ್ಧತಿ ಅಂದ್ರೆ ಪದ್ಧತಿ."

"ಒಂದು ದಿನಾನೂ ಇಳೀದಿರೋ ಗುಮಾಸ್ತನಿಗೆ ಮೊನ್ನೆ ಊದಿದ್ರಲ್ಲ?"

"ಅವನು ಗಣಿ ಯೂನಿಫಾರ್ಮ್ ಹಾಕ್ತಿದ್ದೋನು." ಗವ್ಲಿಕ್ ಬಿಳಿ ಗರಿಯ ಟೋಪಿ ಎತ್ತಿಕೊಂಡ. "ನಾನಂತೂ ಬರ್ತೀನಿ. ಅಷ್ಟು ಮರ್ಯಾದೆ ಗೊತ್ತು ನಂಗೆ."

ಕೊನೆಯ ದಿನಗಳಲ್ಲಿ ಉರ್ಶುಲಾಳ ತಾಯಿ ಕೇಳಿದ್ದು ಅದೊಂದೇ: ಗಣಿಯಲ್ಲಿ ಸತ್ತ ನಿಮ್ಮಪ್ಪನಿಗೆ ಊದಿದ ಹಾಗೆ ನನಗೂ ಊದಿಸು.

*

ಗಣಿ ನಡೆಯುತ್ತಿದ್ದ ಕಾಲದಲ್ಲಿ ಕಲ್ಲು ಆರಿಸುವ ಶೆಡ್ಡಿನಲ್ಲಿ ಎಲ್ಲರೂ ಹೆಂಗಸರೇ. ಕಲ್ಲಿದ್ದಲು ಯಂತ್ರದ ಓಡುವ ಪಟ್ಟಿಯ ಮೇಲೆ ಹರಿದು ಬರುತ್ತಿತ್ತು. ಅದರೊಳಗಿನ ಕಲ್ಲನ್ನು ಕೈಯಿಂದ ಹೆಕ್ಕಿ ಎಸೆಯಬೇಕು. ಚಳಿಗೆ ಬೆರಳು ಬಿರಿಯುತ್ತಿತ್ತು, ಬೇಸಿಗೆಯಲ್ಲಿ ಧೂಳು ಎದೆಗಿಳಿಯುತ್ತಿತ್ತು. ಆಗ ಮೇಸ್ತ್ರಿಯಾಗಿದ್ದವನು ಇದೇ ಗವ್ಲಿಕ್. ವ್ಯಾಗನ್ನಿನಲ್ಲಿ ಒಂದು ಕಲ್ಲು ಸಿಕ್ಕರೆ ಸಾಕು, ತಂದು ಅವರ ಕಾಲ ಬುಡಕ್ಕೆ ಎಸೆಯುತ್ತಿದ್ದ.

"ಮನೆಗೆ ತಗೊಂಡ್ಹೋಗಿ ಗಂಡನಿಗೆ ಬೇಯ್ಸಿ ಹಾಕು."

ಎಲ್ಫ್ರೀಡಾ ಒಮ್ಮೆ ತಿರುಗಿ ಹೇಳಿಯೇಬಿಟ್ಟಳು: "ನಿಮ್ಮನೇಲಿ ಬೆಂದ್ರೆ ಹೇಳಿ, ಆಮೇಲೆ ನಾವೂ ಬೇಯಿಸ್ತೀವಿ." ಆ ಚಳಿಗಾಲವಿಡೀ ಅವಳನ್ನು ಗಾಳಿ ನುಗ್ಗುವ ಬಾಗಿಲ ಬಳಿ ನಿಲ್ಲಿಸಿದ. ಆದರೂ ಅವಳ ಬಾಯಿ ಮುಚ್ಚಿಸಲು ಅವನಿಂದಾಗಲಿಲ್ಲ. ಕೊನೆಗೆ ಅದನ್ನು ಮಾಡಿದ್ದು ಎದೆಗಿಳಿದ ಧೂಳಿನ ಕೆಮ್ಮು.

*

ಸ್ಮಶಾನದಲ್ಲಿ ಪಾದ್ರಿಯ ದನಿ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಗವ್ಲಿಕ್ ಗುಂಡಿಯ ಆಚೆ ಬದಿ, ಟೋಪಿ ಎದೆಗೊತ್ತಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದ. ನಾಚಿಕೆಗೆಟ್ಟವನು.

ಉರ್ಶುಲಾ ಮಣ್ಣು ಹಾಕಿದಳು. ಅವಳ ನಂತರ ಬಂದವಳು ಟ್ರೂಡಾ, ಪಟ್ಟಿಯ ಬಳಿ ಎಲ್ಫ್ರೀಡಾಳ ಪಕ್ಕದಲ್ಲೇ ನಿಂತು ದುಡಿದ ಮುದುಕಿ. ಬೊಗಸೆ ತುಂಬಿಕೊಂಡಳು. ಹೆಬ್ಬೆರಳು ತಾನಾಗಿಯೇ ಮಣ್ಣು ಕೆದಕಿ ಒಂದು ಕಲ್ಲನ್ನು ಹೊರಗೆಳೆಯಿತು. ಬರೀ ಮಣ್ಣು ಪೆಟ್ಟಿಗೆಯ ಮೇಲೆ ಬಿತ್ತು.

"ಚಿಕ್ಕಮ್ಮ, ಕಲ್ಲು ಬಿಸಾಕಿ," ಎಂದಳು ಉರ್ಶುಲಾ.

"ಎಲ್ಲಿ ಬಿಸಾಕ್ಬೇಕು ಅಂತ ಗೊತ್ತು ಕಣೆ."

ಟ್ರೂಡಾ ಗುಂಡಿ ಸುತ್ತಿ ಹೋಗಿ ಗವ್ಲಿಕ್‌ನ ಬೂಟಿನ ಬುಡಕ್ಕೆ ಕಲ್ಲನ್ನು ಎಸೆದಳು.

"ಮನೆಗೆ ತಗೊಂಡ್ಹೋಗಿ ಬೇಯಿಸ್ಕೊಳ್ಳಿ."

ಅವಳ ಹಿಂದೆ ಶೆಡ್ಡಿನ ಮುದುಕಿಯರೆಲ್ಲ ಸಾಲುಗಟ್ಟಿದರು. ಒಬ್ಬೊಬ್ಬರೂ ಮಣ್ಣನ್ನು ಎಲ್ಫ್ರೀಡಾಳಿಗೆ ಕೊಟ್ಟರು, ಕಲ್ಲನ್ನು ಅವನಿಗೆ. ಗವ್ಲಿಕ್ ಹಿಂದೆ ಸರಿಯಲು ನೋಡಿದ. ಬೆನ್ನ ಹಿಂದಿನ ಜನ ಜಾಗ ಬಿಡಲಿಲ್ಲ. ಕಲ್ಲುಗಳು ಟಕ್ ಟಕ್ ಎಂದು ಬೀಳುತ್ತಲೇ ಇದ್ದವು, ಅವನ ಬೂಟಿನ ಹೊಳಪು ಮುಚ್ಚುವ ತನಕ.