ಸಾಹುಕಾರರು ನೆಕ್ಕಿದ ಪುಡಿ

ಸಹಿ ಹಾಕುವುದಿಲ್ಲ ಎಂದರೆ ಹಾಕುವುದಿಲ್ಲ. ಬೆಳಗಿನಿಂದ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಕಟ್ಟಿತ್ತು. ನಮ್ಮ ಸಾಹುಕಾರ ಪಾಲಾಕ್ಷಪ್ಪನವರ ಕಿವಿಗೆ ಮಾತ್ರ ಇಳಿದಿರಲಿಲ್ಲ.

ಹರಪನಹಳ್ಳಿಯಿಂದ ಅದೇ ತಾಲ್ಲೂಕಿನ ಅರಸೀಕೆರೆಗೆ ಹೋಗುವ ರಸ್ತೆಯಲ್ಲಿ ಅವರದೊಂದು ಸಣ್ಣ ಔಷಧ ಕಾರ್ಖಾನೆ. ಮಕ್ಕಳ ಜ್ವರದ ಮದ್ದಿಗೆ ಬೇಕಾದ ಪುಡಿ ಅಲ್ಲಿ ತಯಾರಾಗುತ್ತದೆ. ಅದನ್ನು ಪರೀಕ್ಷಿಸಿ ಸಹಿ ಹಾಕುವ ಕೆಮಿಸ್ಟ್ ನಾನು, ಭೂಮಿಕಾ. ಪುಡಿ ಮಾಡುವಾಗ ಬಳಸಿದ ದ್ರಾವಕ ಈ ಸಲ ಅದರಲ್ಲೇ ಉಳಿದುಕೊಂಡಿತ್ತು, ಮಿತಿ ಮೀರಿ. ಕೂಸುಗಳ ಹೊಟ್ಟೆಗೆ ಹೋಗುವ ಪದಾರ್ಥ ಅದು!

"ಇನ್ನೊಂದು ಸಲ ಕಾಸಿ ಒಣಗ್ಸವ್ವ, ಆತು," ಎಂದರು ಸಾಹುಕಾರರು.

"ಇನ್ನೂ ಕಾಸಿದ್ರ ಮದ್ದೇ ಕೆಟ್ಟು ಹೋಗ್ತೈತ್ರಿ. ಹೊಸ ಮಿಷನ್ನಿಗೆ ಹಾಕ್ತೀನಿ."

ಹೊಸ ಮಿಷನ್ನು ಅವರೇ ತರಿಸಿದ್ದು, ಬಂದವರಿಗೆ ತೋರಿಸಿ ಮೀಸೆ ತಿರುವಲಿಕ್ಕೆ. ಸೋಡಾದಲ್ಲಿ ಗುಳ್ಳೆ ಎಬ್ಬಿಸುವ ಕಾರ್ಬನ್ ಡೈಆಕ್ಸೈಡನ್ನೇ ಅದು ಬಲವಾಗಿ ಒತ್ತಿ, ತುಸು ಬೆಚ್ಚಗೆ ಮಾಡಿ, ಅತ್ತ ಗಾಳಿಯೂ ಅಲ್ಲ ಇತ್ತ ನೀರೂ ಅಲ್ಲ ಎನ್ನುವ ಸ್ಥಿತಿಗೆ ತರುತ್ತದೆ. ಆಗ ಅದು ಪುಡಿಯ ಸಂದುಗೊಂದಿಗೆ ನುಗ್ಗಿ, ಅಡಗಿ ಕೂತ ದ್ರಾವಕವನ್ನು ಕರಗಿಸಿ ಹೊತ್ತು ತರುತ್ತದೆ. ಒತ್ತಡ ಬಿಟ್ಟರೆ ತಾನೂ ಗಾಳಿಯಾಗಿ ಹೋಗುತ್ತದೆ. ಆದರೆ ಅದಕ್ಕೆ ಸಂಜೆಯವರೆಗೆ ಸಮಯ ಬೇಕು, ಲಾರಿ ಆಗಲೇ ಅಂಗಳದಲ್ಲಿ ನಿಂತಿತ್ತು.

"ಲಾರಿ ಈಗ್ಲೇ ಹೊಂಡ್ಬೇಕು. ಸಹಿ ಮಾಡು, ಇಲ್ಲಾಂದ್ರ ಮನಿಗೆ ನಡಿ!" ಎಂದು ಎಲ್ಲರೆದುರು ಕೂಗಾಡಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಅಷ್ಟು ಚಲೋ ಇದ್ರ ನೀವು ನೆಕ್ರಿ ನೋಡೋಣ. ಕುರಿಗೆ ಮದ್ದು ಹಾಕೋ ಮುಂದ ನಿಮ್ಮಪ್ಪ ನೆಕ್ತಿದ್ದಿಲ್ಲೇನ್ರಿ?"

ನಮ್ಮ ಕುರಿಗಾರರ ಮನೆಗಳಲ್ಲಿ ಅದು ನಡೆದುಬಂದ ರೀತಿ. ಹೊಸ ಮದ್ದನ್ನು ಯಜಮಾನ ಮೊದಲು ತನ್ನ ನಾಲಿಗೆಗೆ ಹಚ್ಚಿಕೊಳ್ಳಬೇಕು. ಸಾಹುಕಾರರು ಹಿಂದೆಮುಂದೆ ನೋಡಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ಬೆರಳದ್ದಿ, ನೆಕ್ಕಿಯೇಬಿಟ್ಟರು. ಸೋತೆ ಎಂದೇ ಅಂದುಕೊಂಡೆ.

"ಏನಾತು ನನಗ? ಲಾರಿಗೆ ಹೇರ್ರೋ!"

ಯಾರೂ ಕದಲಲಿಲ್ಲ. ಕೆಲಸದವರಲ್ಲಿ ಹಿರಿಯಳಾದ ಮೈಲಮ್ಮ ಕೈಲಿದ್ದ ಡಬ್ಬಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ನೆಲಕ್ಕೆ ಕೂತಳು.

"ಪಾಲಾಕ್ಷಪ್ಪ, ಬಾ, ಕುಂದ್ರು. ನೆಕ್ಕಿದಾವ ಹೊತ್ತು ಮುಳುಗೋತನ ಹಟ್ಟಿ ಬಿಟ್ಟು ಹೋಗಂಗಿಲ್ಲ. ನೀನು ನೆಟ್ಟಗಿದ್ರ ಆಮ್ಯಾಲೆ ಕುರಿಮಂದಿಗೆ. ಅಲ್ಲೀತನ ಮದ್ದೂ ಹಟ್ಟಿ ದಾಟಂಗಿಲ್ಲ. ಅಪ್ಪನ ಪದ್ಧತಿ ಅರ್ಧ ನೆಪ್ಪಿಟ್ಟು ಅರ್ಧ ಮರ್ತೇನು?"

ಉಳಿದವರೂ ಒಬ್ಬೊಬ್ಬರಾಗಿ ಕೂತರು. ಸಾಹುಕಾರರು ಬೈದರು, ಗದರಿಸಿದರು, ಡ್ರೈವರನ ಕಡೆ ನೋಡಿದರು. ಹಿರೇಹಡಗಲಿಯ ಆ ಪುಣ್ಯಾತ್ಮ ಆಗಲೇ ಬೇವಿನ ಮರದಡಿ ಟವೆಲು ಹಾಸಿದ್ದ. ಕೊನೆಗೆ ಅವರೂ ಕಟ್ಟೆಯ ಮೇಲೆ ಕುಕ್ಕರಿಸಿದರು. ನಾನು ಪುಡಿಯನ್ನೆಲ್ಲ ಮಿಷನ್ನಿಗೆ ತುಂಬಿ ಒತ್ತಡ ಏರಿಸಿದೆ.

ಸಂಜೆ ಪರೀಕ್ಷಿಸಿದರೆ ದ್ರಾವಕ ಮಿತಿಯೊಳಗೆ ಬಂದಿತ್ತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಸಹಿ ಹಾಕಿ ಕಾಗದವನ್ನು ಅವರ ಮುಂದೆ ಹಿಡಿದೆ.

"ನಾಳಿಂದ ನೀ ಬರಬ್ಯಾಡ," ಎಂದರು, ನನ್ನ ಮುಖ ನೋಡದೆ.

"ಬರ್ತೀನ್ರಿ. ನಾಳಿಗೂ ಪುಡಿ ಐತಿ. ನೀವು ಹೊಟ್ಟಿ ತುಂಬ ಉಂಡು ಬರ್ರಿ, ನೆಕ್ಕಿ ಸಂಜಿತನ ಕುಂದ್ರಬೇಕಾಗ್ತೈತಿ."